ಮೊರದ ಪಕ್ಕದಲ್ಲಿ ಮಗು

ಮೂರು ರಾಯರ ಹಬ್ಬದಂದು ನಾವು ಗೋದಲಿಯ ಮುಂದೆ ನಿಂತು, ಕಾಣಿಕೆ ಹೊತ್ತು ಬಂದ ಜ್ಞಾನಿಗಳನ್ನು ನೆನೆಯುತ್ತೇವೆ. ಅದೇ ಹಬ್ಬದ ದಿನ, 1907ರ ಜನವರಿ 6ರಂದು, ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಒಂದು 'ಮಕ್ಕಳ ಮನೆ' ಬಾಗಿಲು ತೆರೆಯಿತು. ತಂದೆತಾಯಿಯರು ಕೂಲಿಗೆ ಹೋದರೆ ಮಕ್ಕಳನ್ನು ನೋಡಿಕೊಳ್ಳುವವರಿರಲಿಲ್ಲ. ಅವರು ಗೋಡೆ, ಮೆಟ್ಟಿಲುಗಳನ್ನು ಹಾಳುಮಾಡದೆ ಒಂದೆಡೆ ಕುಳಿತರೆ ಸಾಕೆಂಬುದು ಕಟ್ಟಡದ ಒಡೆಯರ ಲೆಕ್ಕ. ಹೊಣೆ ಹೊತ್ತವರು ವೈದ್ಯೆ ಮರಿಯ ಮಾಂಟೆಸ್ಸರಿ.

ಅಲ್ಲಿ ಒಳ್ಳೊಳ್ಳೆಯ ಆಟಿಕೆಗಳಿದ್ದವು. ಮಕ್ಕಳು ಅವುಗಳನ್ನು ಬಿಟ್ಟು ನಿಜವಾದ ಕೆಲಸವನ್ನೇ ಆರಿಸಿಕೊಂಡರು. ಒಂದು ದಿನ ಮಾಂಟೆಸ್ಸರಿಯವರು, ಕರವಸ್ತ್ರದಿಂದ ಸದ್ದಿಲ್ಲದೆ ಮೂಗು ಒರೆಸಿಕೊಳ್ಳುವುದು ಹೇಗೆಂದು ತೋರಿಸಿದರು. ಮಕ್ಕಳು ನಗಲಿಲ್ಲ, ಚಪ್ಪಾಳೆ ತಟ್ಟಿದರು! ಮೂಗು ಸೋರುತ್ತದೆಂದು ಬೈದವರು ಬೇಕಾದಷ್ಟು ಜನ. ಹೀಗೆ ಮಾಡು ಎಂದು ಸಮಾಧಾನವಾಗಿ ತೋರಿಸಿದವರು ಇರಲಿಲ್ಲ.

ನಮ್ಮ ಮನೆಗಳಲ್ಲೇನು? ಈ ಹಬ್ಬದ ಹೊತ್ತಿಗೆ ಹಳೆ ಮೈಸೂರು ಕಡೆ ಸೊಗಡಿನ ಅವರೆಕಾಯಿ ಬಂದಿರುತ್ತದೆ. ಮೊರ ಹಿಡಿದು ಕುಳಿತರೆ ಮಗು ತಾನಾಗಿಯೇ ಪಕ್ಕಕ್ಕೆ ಬರುತ್ತದೆ. "ಬೇಡ ಕಣೋ, ಚೆಲ್ಲಾಡ್ತೀಯ" ಎಂದು ಅದರ ಕೈಗೆ ಮೊಬೈಲ್ ಕೊಟ್ಟು ಕಳುಹಿಸುತ್ತೇವೆ. ನಾವೂ ಹೀಗೆ ಮಾಡಿದವರೇ.

ಕೂರಿಸಿಕೊಂಡು ನೋಡಿ. ಕಾಯಿ ಬಿಡಿಸಲು, ನೆನೆಸಿದ ಕಾಳನ್ನು ಹಿತುಕಲು ಹೆಬ್ಬೆರಳು, ತೋರುಬೆರಳು ಕೂಡಬೇಕು. ನಾಳೆ ಸೀಸದಕಡ್ಡಿ ಹಿಡಿಯುವುದೂ ಅವೇ ಬೆರಳುಗಳು. "ಇದರೊಳಗೆ ಎಷ್ಟು ಕಾಳಿರಬಹುದು, ಹೇಳು" ಎಂದು ಕೇಳಿ ಬಿಡಿಸಿದರೆ ಊಹೆಯೂ ಆಯಿತು, ಎಣಿಕೆಯೂ ಆಯಿತು. ಹುಳುಕಿನ ಕಾಳು ಇತ್ತ, ಒಳ್ಳೆಯದು ಅತ್ತ ಎಂದು ಬೇರೆ ಮಾಡುವುದೂ ಗಣಿತವೇ. ಇನ್ನು ಹುಳವೇ ಹೊರಬಂದರಂತೂ ಅರ್ಧ ಗಂಟೆ ಮಾತಿಗೆ ಬರವಿಲ್ಲ! (ತೀರ ಚಿಕ್ಕ ಮಕ್ಕಳನ್ನು ಮಾತ್ರ ಕಾಳಿನ ಹತ್ತಿರ ಒಂಟಿಯಾಗಿ ಬಿಡಬಾರದು. ಮೂಗಿಗೆ ತುರುಕಿಕೊಳ್ಳುತ್ತವೆ, ಗಂಟಲಲ್ಲಿ ಸಿಕ್ಕಿದರೆ ಪ್ರಾಣಕ್ಕೇ ಅಪಾಯ.)

ಮೂರು ವರ್ಷ ತುಂಬಿತು, ಇನ್ನೂ ಅಕ್ಷರ ಬರೆಯುತ್ತಿಲ್ಲ ಎಂದು ಕೊರಗುವ ತಂದೆತಾಯಿಯರು ನಮ್ಮಲ್ಲಿ ಅನೇಕರಿದ್ದಾರೆ. ಮೂರರಿಂದ ಎಂಟು ವರ್ಷದವರಿಗೆ ಆಟ, ಚಟುವಟಿಕೆಗಳ ಮೂಲಕವೇ ಕಲಿಕೆಯಾಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ಬೆರಳು ಬಲಿಯದ ಮಗುವಿನ ಕೈ ಹಿಡಿದು ತಿದ್ದಿಸಿದರೆ ಉಳಿಯುವುದು ಕಣ್ಣೀರೊಂದೇ.

ಕಲಿಸುವ ರೀತಿ ಕಷ್ಟದ್ದಲ್ಲ. ಒಂದು ಕಾಯಿಯನ್ನು ನಿಧಾನವಾಗಿ, ಹೆಚ್ಚು ಮಾತಿಲ್ಲದೆ, ಬಿಡಿಸಿ ತೋರಿಸಿ. ಆಮೇಲೆ ಕೈಕಟ್ಟಿ ಕುಳಿತುಕೊಳ್ಳಿ; ನಮಗೆ ಕಷ್ಟವಾಗುವುದು ಇದೇ! ಮಗು ಎರಡು ಕಾಯಿ ಬಿಡಿಸುವಷ್ಟರಲ್ಲಿ ನಾವು ಇಪ್ಪತ್ತು ಬಿಡಿಸಿರುತ್ತೇವೆ, ಅದರ ಕೈಯಿಂದ ಕಿತ್ತುಕೊಳ್ಳೋಣವೆನಿಸುತ್ತದೆ. ಕಿತ್ತುಕೊಳ್ಳಬೇಡಿ. ಅಡುಗೆಗೆ ಹೊತ್ತಾಯಿತೆಂದರೆ ಒಂದು ಬಟ್ಟಲಿನಷ್ಟು ಕಾಯಿಯನ್ನು ಮಗುವಿಗೆಂದೇ ಎತ್ತಿಟ್ಟು, ಉಳಿದುದನ್ನು ನೀವು ಮುಗಿಸಿಕೊಳ್ಳಿ. ರಾತ್ರಿ ಊಟಕ್ಕೆ ಕುಳಿತಾಗ, ಸಾರಿನಲ್ಲಿ ತಾನು ಬಿಡಿಸಿದ ಕಾಳು ಯಾವುದೆಂದು ಅದು ಹುಡುಕದೆ ಬಿಡುವುದಿಲ್ಲ.