ಕುಡಿಯಾಕ ಯಾವ ನೀರು?

ವಿಜಯಪುರ ಜಿಲ್ಲೆಯ ಕೆಲವು ಊರುಗಳಲ್ಲಿ ಮಕ್ಕಳು ನಕ್ಕರೆ ಮುಂದಿನ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಇಲ್ಲವೆ ಕಂದು ಗೆರೆ ಕಾಣುತ್ತದೆ. ‘ಹಲ್ಲು ತಿಕ್ಕೂದಿಲ್ಲೇನು?’ ಎಂದು ದೊಡ್ಡವರು ಗದರುತ್ತಾರೆ. ತಿಕ್ಕಿದರೆ ಹೋಗುವ ಕಲೆ ಅದಲ್ಲ, ನೀರಿನ ಫ್ಲೋರೈಡಿನದು. ಗುಟ್ಕಾದ ಕಲೆ ಹಲ್ಲಿನ ಮೇಲೆ, ಒಸಡಿನ ಅಂಚಿನಲ್ಲಿ ಕೂರುತ್ತದೆ. ದಂತವೈದ್ಯರು ಕೆರೆದರೆ ಹೋಗುತ್ತದೆ. ಫ್ಲೋರೈಡಿನ ಕಲೆ ಎನಾಮಲ್ಲಿನ ಒಳಗೇ ಇರುತ್ತದೆ, ಅಡ್ಡಗೆರೆಯಾಗಿ, ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ಬಗೆಯಾಗಿ. ಸುಮಾರು ಎಂಟು ವರ್ಷದೊಳಗೆ, ಹಲ್ಲು ಇನ್ನೂ ಒಸಡಿನೊಳಗೆ ಬೆಳೆಯುವಾಗ, ಕುಡಿದ ನೀರಿನ ಗುರುತು ಅದು. ಹೀಗಾಗಿ ಬೇರೆ ಊರಿಂದ ಸೊಸೆಯಾಗಿ ಬಂದವಳ ಹಲ್ಲು ಬೆಳ್ಳಗೇ ಇರಬಹುದು. ಮೂಳೆಗೆ ಮಾತ್ರ ಆ ವಿನಾಯಿತಿ ಇಲ್ಲ; ಯಾವ ವಯಸ್ಸಿನಲ್ಲಿ ಕುಡಿದರೂ ಫ್ಲೋರೈಡ್ ಅದರಲ್ಲಿ ಸೇರುತ್ತದೆ.

ಫ್ಲೋರೈಡ್ ಬರುವುದು ಕಲ್ಲಿನಿಂದ. ಇಂಡಿ, ಸಿಂದಗಿಯ ಕಪ್ಪು ನೆಲದಡಿ ಇರುವುದು ದಖನ್ನಿನ ಬಸಾಲ್ಟ್. ಮುದ್ದೇಬಿಹಾಳದ ಕಡೆ ಗ್ರಾನೈಟ್, ನೈಸ್ ಶಿಲೆಗಳೂ ಸಿಗುತ್ತವೆ. ಗ್ರಾನೈಟ್, ನೈಸ್‌ಗಳಲ್ಲಿ ಫ್ಲೋರೈಡ್ ಹೊತ್ತ ಖನಿಜಗಳು ಹೆಚ್ಚು. ನೀರು ಕಲ್ಲಿನ ಸಂದಿಯಲ್ಲಿ ಎಷ್ಟು ಕಾಲ ನಿಂತಿರುತ್ತದೋ ಅಷ್ಟು ಕರಗಿಸಿಕೊಳ್ಳುತ್ತದೆ. ನೀರು ಕ್ಷಾರೀಯವಾಗಿದ್ದು ಕ್ಯಾಲ್ಸಿಯಂ ಕಡಿಮೆ ಇದ್ದರೆ ಇನ್ನೂ ಹೆಚ್ಚು. ತೆರೆದ ಬಾವಿಯ ಮಳೆನೀರು ಬಿಟ್ಟು ನೂರಾರು ಅಡಿ ಆಳದ ಬೋರಿಗೆ ಹೋದಾಗ ನಾವು ಕುಡಿಯತೊಡಗಿದ್ದು ಇಂಥ ಹಳೆಯ ನೀರನ್ನು. ಅದಕ್ಕೆ ರುಚಿ, ವಾಸನೆ, ಬಣ್ಣ ಯಾವುದೂ ಇಲ್ಲ. ಸವಳು ನೀರನ್ನು ನಾಲಿಗೆ ಹಿಡಿಯುತ್ತದೆ, ಇದನ್ನು ಹಿಡಿಯಲಾರದು. ಕುದಿಸಿದರೆ ಫ್ಲೋರೈಡಿನ ಪ್ರಮಾಣ ಏರುತ್ತದೆಯೇ ವಿನಾ ಇಳಿಯದು.

1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಇಂಥದೇ ನೀರಿನ ನಲ್ಗೊಂಡದ ಕಡೆ ಮೊಣಕಾಲು ಒಳಬಾಗಿದ ಹುಡುಗರನ್ನು ಪರೀಕ್ಷಿಸಿದರು. ಅಂಥವರು ಅನ್ನ ಉಣ್ಣುವವರಿಗಿಂತ ಜೋಳ ಉಣ್ಣುವವರಲ್ಲಿ ಹೆಚ್ಚು ಕಂಡರು. ಜೋಳದ ಊಟದಲ್ಲಿ ಫ್ಲೋರೈಡ್ ದೇಹದಲ್ಲಿ ಹೆಚ್ಚು ಉಳಿಯುತ್ತದೆಂಬ ಸುಳಿವೂ ಸಿಕ್ಕಿತು. ಜೋಳದ ರೊಟ್ಟಿಯ ನಾಡು ಗಮನಿಸಬೇಕಾದ ಮಾತಿದು. ಆದರೆ ಬಿಡಬೇಕಾದದ್ದು ರೊಟ್ಟಿಯನ್ನಲ್ಲ, ಆ ನೀರನ್ನು. ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮದ 2024ರ ವರದಿ ಇನ್ನೊಂದು ಎಚ್ಚರಿಕೆ ಕೊಟ್ಟಿದೆ: ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡಿರುವ ನೀರಿಗೂ ಮಕ್ಕಳ ಬುದ್ಧಿಮಟ್ಟ ತಗ್ಗುವುದಕ್ಕೂ ನಂಟಿದೆ ಎಂದು ಅದು ಸಾಧಾರಣ ಮಟ್ಟದ ಖಚಿತತೆಯಿಂದ ಹೇಳುತ್ತದೆ.

ಇದನ್ನೆಲ್ಲ ಮೊದಲು ಪತ್ತೆ ಹಚ್ಚಬಲ್ಲವರು ಯಾರು? ನನ್ನ ಪ್ರಕಾರ ಎಂಬಿಬಿಎಸ್‌ನ ಮೊದಲ ವರ್ಷದ ಹುಡುಗ ಹುಡುಗಿಯರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಕುಟುಂಬ ದತ್ತು ಕಾರ್ಯಕ್ರಮವನ್ನು ಪಠ್ಯಕ್ರಮಕ್ಕೆ ಸೇರಿಸಿತು. ವಿದ್ಯಾರ್ಥಿಗಳು ಹಳ್ಳಿಯ ಕೆಲವು ಮನೆಗಳಿಗೆ ವರ್ಷಗಟ್ಟಲೆ ಹೋಗಿಬರಬೇಕು. ವಿಜಯಪುರದಲ್ಲೇ 1984ರ ಅಲ್-ಅಮೀನ್, 1986ರ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜುಗಳಿವೆ. ಬಿಪಿ, ಶುಗರ್ ನೋಡುವ ಮುಂಚೆ ‘ಆಯಿ, ಕುಡಿಯಾಕ ಯಾವ ನೀರು ತರತೀರಿ? ಬೋರು ಎಷ್ಟು ಫೂಟಿಂದು?’ ಎಂದು ಕೇಳಿದರೆ ಅರ್ಧ ಕೆಲಸ ಆಯಿತು. ಮೊಣಕಾಲು ಮಡಚದೆ ನೆಲದ ನಾಣ್ಯ ಎತ್ತಲು ಬರುತ್ತದೆಯೇ, ಗದ್ದ ಎದೆಗೆ ತಾಗುತ್ತದೆಯೇ, ಎರಡೂ ಕೈ ತಲೆಯ ಹಿಂದೆ ಹೋಗುತ್ತವೆಯೇ ಎಂದು ನೋಡಲು ಯಂತ್ರ ಬೇಡ. ಹೊಲದ ದುಡಿಮೆಯಿಂದಲೂ ಸೊಂಟ ಹಿಡಿಯುತ್ತದೆ ನಿಜ; ಆದ್ದರಿಂದ ಇವು ಆಗದಿದ್ದರೆ ಮೂಳೆಗೆ ಫ್ಲೋರೈಡ್ ಹಿಡಿದಿದೆಯೆಂಬ ಶಂಕೆ ಮಾತ್ರ. ಖಾತ್ರಿಗೆ ಮೂತ್ರದ ಫ್ಲೋರೈಡ್ ಪರೀಕ್ಷೆ, ಎಕ್ಸ್‌ರೇ ಬೇಕು.

ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿಗೆ ಸೇರಿರುವ ಆಲಮಟ್ಟಿಯಲ್ಲಿ ಕೃಷ್ಣೆಯ ನೀರು ನಿಂತಿದೆ. ಹೊಳೆಯ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಆದರೆ ನಲ್ಲಿ ನಿಂತ ದಿನ ಕೊಡ ಮತ್ತೆ ಬೋರಿನ ಕಡೆಗೇ ಹೊರಡುತ್ತದೆ. ಸರಿಯಾಗಿ ನಡೆಯುವ ಶುದ್ಧ ನೀರಿನ ಘಟಕ ಫ್ಲೋರೈಡನ್ನು ತೆಗೆಯುತ್ತದೆ, ಫಿಲ್ಟರ್ ಬದಲಿಸದ ಘಟಕವನ್ನು ನಂಬುವಂತಿಲ್ಲ. ಮೂಳೆಗೆ ಹಿಡಿದದ್ದನ್ನು ಬಿಡಿಸುವ ಔಷಧವಿಲ್ಲ. ಹಾಲು, ಮಜ್ಜಿಗೆಯ ಕ್ಯಾಲ್ಸಿಯಂ ಹೊಸದಾಗಿ ಸೇರುವುದನ್ನು ತಗ್ಗಿಸುತ್ತದೆ, ಅಷ್ಟೇ.

ನಿಮ್ಮೂರಿನ ಬೋರಿನ ನೀರನ್ನು ಪರೀಕ್ಷೆ ಮಾಡಿಸಿ ಎಂದು ಗ್ರಾಮ ಪಂಚಾಯಿತಿಯನ್ನು ಕೇಳಿ. ‘ನೀರು ಚಲೋ ಐತಿ’ ಎಂಬ ಉತ್ತರಕ್ಕೆ ಸುಮ್ಮನಾಗದೆ ಅಂಕಿ ಕೇಳಿ: ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕೂ ಮೇಲಿದ್ದರೆ ಆ ನೀರು ಬಟ್ಟೆ ತೊಳೆಯಲು ಇರಲಿ, ಮಕ್ಕಳ ಲೋಟಕ್ಕೆ ಬೇಡ.