ಮಾತು ಬಂದ ವರ್ಷ

ವಿಶ್ವಾವಸು ಸಂವತ್ಸರ 2025ರ ಮಾರ್ಚ್ 30ರಂದು ಆರಂಭವಾದಾಗ ನಮ್ಮ ಮಗಳಿಗೆ ಹದಿನಾರು ತಿಂಗಳು. ಆ ಯುಗಾದಿಯಂದು ಅವಳ ಶಬ್ದಭಂಡಾರದಲ್ಲಿ ಇದ್ದ ಪದಗಳು ಎರಡು: 'ಅಮ್ಮ' ಮತ್ತು 'ಅಂಬಾ'. ಮೊದಲನೆಯದು ತಾಯಿಗೆ ಮಾತ್ರ ಸಲ್ಲುತ್ತಿದ್ದಿತು. ಎರಡನೆಯದು ಹಸುವಿಗೆ, ಬೀದಿಯ ನಾಯಿಗೆ, ಹಾಲು ತರುವವನಿಗೆ, ಒಮ್ಮೊಮ್ಮೆ ನನಗೂ. ಕನ್ನಡ ಕಲಿಸಿ ಜೀವನ ಮಾಡುವವನ ಮನೆಯಲ್ಲಿ ಕನ್ನಡಕ್ಕೆ ಬಂದ ಬಡತನ ಇದು ಎಂದು ಕಾಲೇಜಿನ ಮಿತ್ರರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆಷಾಢದ ವೇಳೆಗೆ ನಗು ನಿಂತಿತು. ಎರಡು ವರ್ಷ ತುಂಬುವ ಹೊತ್ತಿಗೆ ಮಗು ಸುಮಾರು ಐವತ್ತು ಮಾತುಗಳನ್ನಾದರೂ ಆಡಬೇಕು, ಎರಡೆರಡನ್ನು ಕೂಡಿಸಬೇಕು ಎಂಬುದು ಬಲ್ಲವರ ಲೆಕ್ಕ. ನಮ್ಮವಳು ಇಪ್ಪತ್ತು ತಿಂಗಳಿಗೂ ಆ ಎರಡರಲ್ಲಿಯೇ ಸಂಸಾರ ಸಾಗಿಸುತ್ತಿದ್ದಳು. ಬಂಧುಗಳ ಬಳಿ ಕಾರಣ ಸಿದ್ಧವಾಗಿದ್ದಿತು. ನನ್ನ ಪತ್ನಿ ನಂಜನಗೂಡಿನಾಚೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳುವವಳು. ಬೆಳಿಗ್ಗೆ ಏಳಕ್ಕೆ ಮೈಸೂರಿನ ಮನೆ ಬಿಟ್ಟರೆ ಸಂಜೆ ಆರಕ್ಕೆ ಬರುವಳು. ಹೆರಿಗೆ ರಜೆಯ 180 ದಿನಗಳು ಎಂದೋ ಮುಗಿದಿದ್ದವು. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವರು ಎಪ್ಪತ್ತು ದಾಟಿದ ನಮ್ಮ ತಾಯಿ. "ತಾಯಿ ಹತ್ತಿರ ಇಲ್ಲದ ಮಗುವಿಗೆ ಮಾತು ಎಲ್ಲಿಂದ ಬರಬೇಕು?" ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ಬಜೆ ತೇದು ನಾಲಿಗೆಗೆ ಸವರಿ ಎಂದರು. ಬಜೆಯ ಮಾತನ್ನು ಅವಳು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಮೊದಲನೆಯದು ಮಾತ್ರ ನಾಟಿತು. ಒಂದು ರಾತ್ರಿ, "ಕೆಲಸ ಬಿಡಲೇನು ಹೇಳಿ" ಎಂದು ಕೇಳಿದಳು. ಪ್ರಶ್ನೆಯನ್ನು ಊರು ಹುಟ್ಟಿಸಿತ್ತು. ನಾನೂ ಹಗಲೆಲ್ಲ ಮನೆಯಲ್ಲಿ ಇರುವವನಲ್ಲ. ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.

ಮೈಸೂರಿನಲ್ಲಿ ಇರುವುದರ ಭಾಗ್ಯವೆಂದರೆ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಮೊದಲು ಪರೀಕ್ಷಿಸಿದ್ದು ಬಾಯಿಯನ್ನಲ್ಲ, ಕಿವಿಯನ್ನು. ಕಿವಿಗೆ ಸಣ್ಣ ಬಿರಡೆಯಂಥದೊಂದನ್ನು ಇಟ್ಟು ಅದರಿಂದ ಮೆಲ್ಲಗೆ ಸದ್ದು ಹೊರಡಿಸುತ್ತಾರೆ. ಆರೋಗ್ಯವಾದ ಒಳಗಿವಿ ಆ ಸದ್ದಿಗೆ ತಾನೂ ಅತಿ ಸೂಕ್ಷ್ಮವಾದ ಮರುದನಿ ಕೊಡುತ್ತದೆ. ಅದನ್ನು ಯಂತ್ರ ಅಳೆಯುತ್ತದೆ. ಕೇಳುವ ಅಂಗವೇ ಸದ್ದು ಮಾಡುತ್ತದೆ ಎಂಬ ಸಂಗತಿ ಅಲಂಕಾರಶಾಸ್ತ್ರ ಓದಿದ ನನಗೆ ಹೊಸತು. ನಿದ್ದೆಹೋದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದ ಅವಳ ತಾಯಿಗೆ ಮಾತ್ರ ಸೋಜಿಗಪಡುವ ವ್ಯವಧಾನ ಇರಲಿಲ್ಲ. ಕಿವಿ ಚೆನ್ನಾಗಿದೆ ಎಂದು ಹೇಳಿದಾಗ ಅವಳು ಅತ್ತುಬಿಟ್ಟಳು.

ಅಲ್ಲಿ ಕೊಟ್ಟ ಸಲಹೆ ಸರಳವಾಗಿತ್ತು. 'ಇದೇನು? ಹೇಳು!' ಎಂದು ಮಗುವನ್ನು ಪರೀಕ್ಷೆಗೆ ಕೂರಿಸಬೇಡಿ. ನೀವು ಮಾಡುವ ಕೆಲಸವನ್ನು ಮಾಡುತ್ತ ಮಾಡುತ್ತ ಹೇಳಿ. ಹೇಳಿ, ಸ್ವಲ್ಪ ಕಾಯಿರಿ. ತಾಯಿಯ ಉದ್ಯೋಗವೇ ಇದಕ್ಕೆ ಕಾರಣವೆಂದು ಅವರು ಹೇಳಲಿಲ್ಲ. ಕೆಲಸ ಬಿಡುವ ಮಾತು ಮನೆಯಲ್ಲಿ ಅಂದಿಗೆ ಮುಗಿಯಿತು.

ಹೀಗಾಗಿ ನಮ್ಮ ಹವ್ಯಾಸಗಳಿಗೆ ಹೊಸ ಉದ್ಯೋಗ ದೊರೆಯಿತು. ಭಾನುವಾರ ಹಿತ್ತಿಲಿನಲ್ಲಿ ಬಸಳೆಯ ಚಪ್ಪರ ಕಟ್ಟುವುದು, ಅವರೆ ಬಿತ್ತುವುದು ನನ್ನ ಪತ್ನಿಯ ಪ್ರೀತಿಯ ಕೆಲಸ. "ಮಣ್ಣು, ಒದ್ದೆ ಮಣ್ಣು. ಕಾಳು ಒಳಗೆ ಹೋಯಿತು" ಎಂದು ಅವಳು ಹೇಳುತ್ತ ಹೋಗುವಳು. ಮಗು ಊರಿದ ಕಾಳನ್ನು ತೆಗೆದು ಮತ್ತೆ ಊರುವುದು. ಅವರೆ ತಡವಾಗಿ ಮೊಳೆಯಿತು. ಅದಕ್ಕೆ ಮಳೆ ಕಾರಣವಲ್ಲ.

ನನ್ನದು ಗಮಕ. ಶನಿವಾರ ಸಂಜೆ ನಾಲ್ಕು ಜನ ಮಿತ್ರರು ಸೇರಿ ಕುಮಾರವ್ಯಾಸ ಭಾರತವನ್ನು ಓದುವ ವಾಡಿಕೆ. ನಾನು ವಾಚನ, ಇನ್ನೊಬ್ಬರು ವ್ಯಾಖ್ಯಾನ. ಭಾಮಿನಿ ಷಟ್ಪದಿಯ ನಡಿಗೆ ಓದುಗರಿಗೆ ಗೊತ್ತಿರುವುದೇ: ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು. ಹದಿನಾಲ್ಕು ಮಾತ್ರೆಯ ಎರಡು ಸಾಲು ಕಳೆದರೆ ಮೂರನೆಯದು ಅದರ ಒಂದೂವರೆ ಪಾಲಾಗಿ ಬೆಳೆದು, ಮೇಲೊಂದು ಗುರುವನ್ನು ಹೊತ್ತು ನಿಲ್ಲುತ್ತದೆ. ಆರನೆಯದೂ ಹಾಗೆಯೇ. ಚಾಪೆಯ ಅಂಚಿನಲ್ಲಿ ತಟ್ಟೆ ಬಡಿಯುತ್ತ ಕೂರುತ್ತಿದ್ದ ಮಗು ಶ್ರಾವಣದ ಒಂದು ಶನಿವಾರ, ನಾನು ಮೂರನೆಯ ಸಾಲಿನ ಕೊನೆಗೆ ಬರುವಾಗ ಬಡಿಯುವುದನ್ನು ನಿಲ್ಲಿಸಿ, 'ಆ' ಎಂದು ರಾಗ ಎಳೆಯಿತು. ಆರನೆಯ ಸಾಲಿಗೂ ಎಳೆಯಿತು. ನಡುವಿನ ಸಾಲುಗಳಿಗೆ ಇಲ್ಲ. ಮುಂದಿನ ವಾರ ಕೊನೆಯ ಗುರುವನ್ನು ನಾನು ಬೇಕೆಂದೇ ನುಂಗಿಕೊಂಡು ಕಾದೆ. ಅವಳೇ ತುಂಬಿದಳು. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಪ್ರಸ್ತಾರ ಹಾಕಿ ಕಲಿಸುವುದನ್ನು ಈಕೆ ಮೈಯಿಂದ ಕಲಿತಿದ್ದಳು. ಆ ಬಳಿಕ 'ಬಿಸಿ' ಬಂದಿತು, 'ಹೂ' ಬಂದಿತು, ಅಜ್ಜಿ ಕಲಿಸಿದ 'ಮಮ್ಮು', 'ತಾಚಿ' ಬಂದವು.

ಸೆಪ್ಟೆಂಬರ್ 22ರಂದು ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ದಸರಾ ರಜೆಯಲ್ಲಿ ಶಾಲಾ ಶಿಕ್ಷಕರು ಮನೆಮನೆಗೆ ಹೋಗಬೇಕು; ಪ್ರಶ್ನೆಗಳು ಅರವತ್ತು. ಅಕ್ಟೋಬರ್ 7ಕ್ಕೆ ಮುಗಿಯಬೇಕಾಗಿದ್ದ ಕೆಲಸ ಮುಂದಕ್ಕೆ ಹೋಯಿತು. ರಜೆಯಲ್ಲಿ ಇಡೀ ದಿನ ಮಗುವಿನೊಡನೆ ಇರುವೆನೆಂದು ಎಣಿಸಿದ್ದ ತಾಯಿ ಬೆಳಕು ಹರಿಯುವಾಗ ಹೋಗಿ ದೀಪ ಹಚ್ಚಿದ ಮೇಲೆ ಬರುತ್ತಿದ್ದಳು. ಅಮ್ಮನಿಗೆ ಮಂಡಿನೋವು ಹೆಚ್ಚಾಗಿದ್ದರಿಂದ ನಾನು ರಜೆ ಹಾಕಿದೆ. ಒಂದು ಮಧ್ಯಾಹ್ನ ಮಗು ಅಡುಗೆಮನೆಯನ್ನು ನೋಡಿತು, ಹಿತ್ತಿಲನ್ನು ನೋಡಿತು, ಬಾಗಿಲಿನ ಬಳಿ ಚಪ್ಪಲಿಯ ಜಾಗವನ್ನು ನೋಡಿತು. ಅನಂತರ ನನ್ನ ಕಡೆ ತಿರುಗಿ ಸ್ಪಷ್ಟವಾಗಿ, "ಅಮ್ಮ ಇಲ್ಲ" ಎಂದಿತು.

ಅವಳ ಮೊದಲ ವಾಕ್ಯ. ವ್ಯಾಕರಣ ಪಾಠ ಹೇಳುವವನಿಗೆ ಇದಕ್ಕಿಂತ ಅಚ್ಚುಕಟ್ಟಾದ ವಾಕ್ಯ ದೊರೆಯುವುದು ಕಷ್ಟ. ರಾತ್ರಿ ಇದನ್ನು ಪತ್ನಿಗೆ ಹೇಳಲೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗಲೇ ನಮ್ಮ ತಾಯಿ ಹೇಳಿಬಿಟ್ಟರು. ಅವಳು ಕೈಯಲ್ಲಿದ್ದ ಚೀಲವನ್ನು ಕೆಳಗಿಡಲಿಲ್ಲ. "ಎರಡು ಪದ ಸೇರಿಸಿದಳೇ?" ಎಂದು ಕೇಳಿ, ಮಲಗಿದ್ದ ಮಗುವಿನ ಬಳಿ ಹೋಗಿ ಬಹಳ ಹೊತ್ತು ಕುಳಿತಳು. ಸಂತೋಷವೋ ದುಃಖವೋ ನಾನು ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ಎಂದಿನಂತೆ ಸಮೀಕ್ಷೆಗೆ ಹೋದಳು.

ಇಲ್ಲವೆನ್ನುವುದಕ್ಕೆ ನಮ್ಮ ಭಾಷೆಯಲ್ಲಿ ಒಂದೇ ಪದವಿಲ್ಲ. ಇರದಿದ್ದರೆ 'ಇಲ್ಲ', ಒಲ್ಲದಿದ್ದರೆ 'ಬೇಡ', ಹಾಗಲ್ಲದಿದ್ದರೆ 'ಅಲ್ಲ'. ನಮ್ಮವಳಿಗೆ 'ಬೇಡ' ಬಂದದ್ದು ಕಾರ್ತಿಕದಲ್ಲಿ, ಊಟದ ತಟ್ಟೆಯ ಮುಂದೆ. 'ಅಲ್ಲ' ಎನ್ನಲು ಸಂಕ್ರಾಂತಿಯವರೆಗೆ ಕಾಯಬೇಕಾಯಿತು. ಅದು ಬಂದ ಮೇಲೆ ಮನೆಯಲ್ಲಿ ಯಾರ ಮಾತೂ ನಿಲ್ಲಲಿಲ್ಲ.

ವರ್ಷ ಮುಗಿಯುವುದರೊಳಗೆ ಉದ್ಯೋಗಪರ್ವವನ್ನು ಪೂರೈಸಬೇಕೆಂದು ನಮ್ಮ ಶನಿವಾರದ ಕೂಟ ಸಂಕಲ್ಪ ಮಾಡಿದ್ದಿತು. ಹಿಂದಿನ ಪರ್ವದ ನಡುವೆಯೇ ಇದ್ದೇವೆ. ಮಗು ಈಗ ಗುರುವಿಗೆ ಕಾಯುವುದಿಲ್ಲ, ಪದ್ಯದ ನಡುವೆಯೇ "ಯಾಕೆ?" ಎನ್ನುತ್ತದೆ. ವ್ಯಾಖ್ಯಾನಕಾರರು ಕನ್ನಡಕ ತೆಗೆದಿಟ್ಟು ಅದಕ್ಕೆ ಉತ್ತರ ಹೇಳುತ್ತಾರೆ. ವಿರಾಟನ ಹಸುಗಳನ್ನು ಕೌರವರು ಇನ್ನೂ ಹಿಡಿದಿಲ್ಲ.