ಕೇಳುವ ಬಗೆ

2007ರಲ್ಲಿ ಒಂದೇ ಜಿಲ್ಲೆಯಾದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ರೋಗಿಗಳನ್ನು ಬಹುಕಾಲ ನೋಡಿದ ವೈದ್ಯ ನಾನು. ರೋಗ ಒಂದೇ ಆದರೂ ಅದನ್ನು ಹೇಳಿಕೊಳ್ಳುವ ಬಗೆ ಒಂದೇ ಅಲ್ಲ.

ರಾಮನಗರದಲ್ಲಿ ರೇಷ್ಮೆಗೂಡು ಬೇಯುವ ಹಬೆಯ ಮುಂದೆ ಕುಳಿತು ನೂಲು ತೆಗೆಯುವ ಹೆಂಗಸನ್ನು ‘ಉಸಿರಾಟಕ್ಕೆ ತೊಂದರೆಯೇ?’ ಎಂದು ಕೇಳಿದರೆ ‘ಇಲ್ಲ’ ಎನ್ನುತ್ತಾಳೆ. ಆ ಹಬೆ ಉಬ್ಬಸ ತರಬಲ್ಲದು. ಆದರೆ ಅವಳ ಪಾಲಿಗೆ ಕೆಮ್ಮು ಕಸುಬಿನ ಭಾಗ, ಕಾಯಿಲೆಯಲ್ಲ. ‘ರಾತ್ರಿ ಎಷ್ಟು ಸಲ ಎದ್ದು ಕೂರುತ್ತೀಯಮ್ಮ?’ ಎಂದೊಡನೆ ಕಥೆಯೆಲ್ಲ ಹೊರಬೀಳುತ್ತದೆ. ಉರ್ದು ಮನೆಮಾತಿನವಳಾದರೆ ‘ದಮ್ಮು’ ಎಂಬ ಒಂದು ಮಾತೇ ಸಾಕು. ಚನ್ನಪಟ್ಟಣದಲ್ಲಿ ಆಲೆಮರದ ಗೊಂಬೆ ಕಡೆದು ಅರಗು ಹಚ್ಚುವ ಮುದುಕರು ಕಣ್ಣು ಮಂಜೆಂದು ಒಪ್ಪುವುದಿಲ್ಲ. ‘ಬಣ್ಣದ ಗೆರೆ ನೇರ ಬರುತ್ತಿದೆಯೇ?’ ಎಂದರೆ ತಲೆ ತಗ್ಗಿಸುತ್ತಾರೆ. ಕನಕಪುರದ ಕಡೆಯ ಸೊಸೆಯ ನೋವನ್ನು ಅತ್ತೆಯೇ ಹೇಳತೊಡಗಿದರೆ, ಅತ್ತೆಯನ್ನು ಗೌರವದಿಂದ ಹೊರಗೆ ಕೂರಿಸಬೇಕು.

ಇಷ್ಟು ಬಲ್ಲವನೂ ಎಡವಿದೆ. ಮಾಗಡಿಯ ಕಡೆಯ ರೈತರೊಬ್ಬರಿಗೆ, ‘ಊಟವಾದ ಮೇಲೆ ಮೂರು ಹೊತ್ತೂ ಮಾತ್ರೆ’ ಎಂದಿದ್ದೆ. ಜ್ವರ ಮರುಕಳಿಸಿತು, ಗದರಿಸಿದೆ.

‘ಸ್ವಾಮಿ, ನಾನು ಉಣ್ಣೋದೇ ಎರಡು ಹೊತ್ತು’ ಎಂದರು.

ತಪ್ಪು ಯಾರದು? ಅಂದಿನಿಂದ ಮೊದಲು ಊಟದ ಹೊತ್ತನ್ನು ಕೇಳುತ್ತೇನೆ. ಹೇಳಿದ್ದನ್ನು ಅವರ ಬಾಯಿಂದಲೇ ಮತ್ತೊಮ್ಮೆ ಹೇಳಿಸಿ, ಆಮೇಲೆ ಚೀಟಿ ಕೊಡುತ್ತೇನೆ.